ಜಾಮೀನಿಗೆ ಬೇಕಾದ ಹೆಸರು

"ನನ್ನ ಹೆಸರಾ?" ಎಂದ ವೇಡ್. ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು. ಬಿತ್ತೋ, ತಾನೇ ಎಸೆದನೋ, ಅವನಿಗೇ ಗೊತ್ತಾಗಲಿಲ್ಲ.

"ಹೆಸರು ಅಷ್ಟೇ," ಎಂದಳು ಟೆಸ್ಸಾ. "ದುಡ್ಡು ಕೇಳ್ಲಿಲ್ಲ. ಕಾಲೇಜು ಸಾಲಕ್ಕೆ ಬ್ಯಾಂಕಿಗೆ ಜಾಮೀನು ಬೇಕು. ಅಮ್ಮನ ಕ್ರೆಡಿಟ್ ಸ್ಕೋರ್ ಹಾಳಾಗಿದೆ. ನೀನಾದ್ರೆ ಟ್ರಕ್ಕಿನ ಕಂತು ಒಂದೂ ತಪ್ಪಿಸಿಲ್ಲ."

ಏಪ್ರಿಲ್ ತಿಂಗಳ ಕೊನೆಯ ಸಂಜೆ. ಓಹಾಯೋದ ಟೊಲೀಡೊ ಊರಲ್ಲಿ ವೇಡ್ ಕೆಲಸ ಮಾಡುವ ಗ್ಯಾರೇಜಿನಲ್ಲಿ ಉಳಿದದ್ದು ಅವರಿಬ್ಬರು, ಮತ್ತೆ ಲಿಫ್ಟಿನ ಮೇಲೆ ತೂಗುತ್ತಿದ್ದ ಒಂದು ಮುದಿ ಕಾರು. ಬೆಳಗಾದರೆ ಮೇ ಒಂದು. ಹೈಸ್ಕೂಲು ಮುಗಿಸುವವರೆಲ್ಲ ತಾವು ಸೇರಲಿರುವ ಕಾಲೇಜಿನ ಸ್ವೆಟ್‌ಶರ್ಟ್ ತೊಟ್ಟು ಶಾಲೆಗೆ ಬರುವ ದಿನ. ಟೆಸ್ಸಾಳ ಮಂಚದ ಮೇಲೆ ಎರಡು ಬಿದ್ದಿದ್ದವು. ಬಾಸ್ಟನ್ನಿನ ಖಾಸಗಿ ಕಾಲೇಜಿನದು ಕೆಂಪು, ಓಹಾಯೋದ ಸರಕಾರಿ ಯೂನಿವರ್ಸಿಟಿಯದು ಹಸಿರು. ಎರಡರಲ್ಲೂ ಕಂಪ್ಯೂಟರ್ ಸೈನ್ಸೇ. ಕೆಂಪಿಗೆ ಒಂದು ಲಕ್ಷ ಹನ್ನೆರಡು ಸಾವಿರ ಡಾಲರ್ ಸಾಲ. ಹಸಿರಿಗೆ ಇಪ್ಪತ್ತೇಳು ಸಾವಿರ, ಅದೂ ಸರಕಾರವೇ ಕೊಡುವುದು, ಯಾರ ಜಾಮೀನೂ ಬೇಕಿಲ್ಲ.

ಹದಿನೆಂಟು ತುಂಬಿದ ಹುಡುಗಿಯ ಮುಂದೆ ಒಂದು ಬಣ್ಣದ ಬಟ್ಟೆ ಹಿಡಿದು, ಒಂದು ಮನೆಯ ಬೆಲೆ ಕೇಳುತ್ತಾರೆ! ಯೋಚಿಸಿದಷ್ಟೂ ವೇಡ್‌ನ ಕಿವಿ ಬಿಸಿಯಾಗುತ್ತಿತ್ತು.

ಟೆಸ್ಸಾ ಹತ್ತಿರ ಬಂದಳು. ಚಳಿಗೆಂದು ಅವನ ಗ್ಯಾರೇಜಿನ ಜಾಕೆಟ್ ಹಾಕಿಕೊಂಡಿದ್ದಳು. ಎದೆಯ ಮೇಲೆ ದಾರದಲ್ಲಿ ಅವನ ಹೆಸರು, ಅದರ ಮೇಲೆ ಗ್ರೀಸಿನ ಕಲೆ. ಆ ಗ್ರೀಸನ್ನು ಬೆರಳಿಗೆ ಹಚ್ಚಿಕೊಂಡು ಅವನ ಮೂಗಿನ ತುದಿಗೆ ಒರೆಸಿದಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದ.

"ಅಲ್ಲಿ ಪಾಸಾದವ್ರ ಮೊದಲ ಸಂಬಳ ವರ್ಷಕ್ಕೆ ಎಂಬತ್ತೈದು ಸಾವಿರ ಕಣೋ. ಇಲ್ಲಿ ಅರವತ್ತೆಂಟು."

"ಪಾಸಾದವ್ರದ್ದು! ಆ ಲೆಕ್ಕದಲ್ಲಿ ನಮ್ಮಕ್ಕ ಎಲ್ಲಿದ್ದಾಳೆ ತೋರ್ಸು."

ಅಕ್ಕ ಡೀನಾ ಎರಡನೇ ವರ್ಷಕ್ಕೆ ಓದು ಬಿಟ್ಟವಳು. ಅವಳು ಓದು ಬಿಟ್ಟರೂ ಸಾಲ ಅವಳನ್ನು ಬಿಡಲಿಲ್ಲ. ಇಂದಿಗೂ ಡೈನರಿನಲ್ಲಿ ಪ್ಯಾನ್‌ಕೇಕಿನ ತಟ್ಟೆ ಹೊತ್ತು, ಸಿಕ್ಕ ಟಿಪ್ಸನ್ನು ಬಡ್ಡಿಗೆ ಸುರಿಯುತ್ತಾಳೆ.

"ನಾನು ನಿಮ್ಮಕ್ಕ ಅಲ್ಲ."

"ಬ್ಯಾಂಕಿಗೆ ಎಲ್ರೂ ಒಂದೇ ಕಣೇ. ಬೇರೆ ಸಾಲಕ್ಕಾದ್ರೆ ದಿವಾಳಿ ಅಂತ ಕೈ ಎತ್ತಬಹುದು. ಇದಕ್ಕೆ ಅದೂ ನಡೆಯಲ್ಲ. ಮದ್ವೆ ಆದ್ರೆ ಡಿವೋರ್ಸ್ ಆದ್ರೂ ಸಿಗುತ್ತೆ!"

"ಹಾಗಾದ್ರೆ ಮದ್ವೆಗಿಂತ ಗಟ್ಟಿ ಅನ್ನು." ಓರೆಗಣ್ಣಿನಲ್ಲಿ ನೋಡಿದಳು. "ಅಷ್ಟಕ್ಕೇ ಬೆವರ್ತೀಯ?"

ಆ ನೋಟಕ್ಕೆ ಅವನ ಎದೆ ಸಡಿಲವಾಯಿತು. ಅಲ್ಲೇ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು.

"ಆಯ್ತು, ಸಹಿ ಹಾಕ್ತೀನಿ," ಎಂದ. "ಆದ್ರೆ ಪ್ರತಿ ರಜೆಗೂ ನೀನು ಇಲ್ಲಿಗೇ ಬರ್ಬೇಕು. ಓದು ಮುಗಿದ್ಮೇಲೆ ಕೆಲ್ಸನೂ ಇಲ್ಲೇ ಹುಡುಕ್ಬೇಕು."

ಟೆಸ್ಸಾಳ ಮುಖದ ನಗು ಆರಿತು. "ಇದು ಜಾಮೀನಲ್ಲ ವೇಡ್. ಟ್ರಕ್ ಕೊಂಡ ಹಾಗೆ ನನ್ನನ್ನೂ ಕೊಂಡ್ಕೊಳ್ತಿದ್ದೀಯ."

ಹೊರಟೇಹೋದಳು. ಜಾಕೆಟ್ ಕೊಡುವುದನ್ನೂ ಮರೆತಿದ್ದಳು. ವೇಡ್ ಲಿಫ್ಟಿನ ಕಂಬಕ್ಕೆ ಒದ್ದ. ನೋವಾದದ್ದು ಅವನ ಕಾಲಿಗೇ.

ಬೆಳಿಗ್ಗೆ ಹೋಗಿ ಶಾಲೆಯ ಪಾರ್ಕಿಂಗಿನಲ್ಲಿ ನಿಂತ. ಹನ್ನೊಂದನೇ ಕ್ಲಾಸಿನಲ್ಲಿ ಬೆನ್ನು ತೋರಿಸಿ ಬಂದ ಶಾಲೆ. ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ನೀಲಿ, ಹಳದಿ, ಕೆಂಪು ಸ್ವೆಟ್‌ಶರ್ಟ್‌ಗಳು ಕಿಲಕಿಲ ನಗುತ್ತ ಅವನ ಟ್ರಕ್ಕನ್ನು ದಾಟಿ ಹೋದವು. ಕೊನೆಗೆ ಟೆಸ್ಸಾ ಬಂದಳು. ಮೈಮೇಲೆ ಅವನದೇ ಜಾಕೆಟ್, ಜಿಪ್ಪು ಗದ್ದದ ತನಕ ಏರಿಸಿತ್ತು. ಕಣ್ಣು ಊದಿತ್ತು.

"ಒಳಗೆ ಯಾವ್ದು?" ಎಂದ.

"ಮೊದ್ಲು ನೀನು ಮಾತಾಡು. ಆಮೇಲೆ ಜಿಪ್ಪು."

"ಕೆಂಪಾದ್ರೆ ಸಹಿ ಹಾಕ್ತೀನಿ. ಷರತ್ತು ಗಿರತ್ತು ಏನಿಲ್ಲ."

"ಅದನ್ನ ಕೇಳ್ಲಿಲ್ಲ. ನಿನ್ನೆ ಯಾಕೆ ಹಾಗೆ ಕೂಗಾಡ್ದೆ?"

ವೇಡ್ ನೆಲ ನೋಡಿದ. ಟಯರ್ ನೋಡಿದ. ಅವಳನ್ನು ನೋಡುವುದೇ ಕಷ್ಟವಾಯಿತು.

"ಹೆದ್ರಿಕೆ ಕಣೇ. ಅಲ್ಲಿ ಓದಿದವ್ರ ಮಧ್ಯೆ ಕೂತು, ಊರಲ್ಲಿ ನಂಗೊಬ್ಬ ಮೆಕ್ಯಾನಿಕ್ ಇದ್ದ ಅಂತ ನಗ್ತಾ ಹೇಳ್ತೀಯೇನೋ ಅಂತ. ನಿನ್ನ ಪ್ರೀತಿಸ್ತೀನಿ ಅಂತ ಒಂದ್ ಸಲನೂ ಬಾಯ್ಬಿಟ್ಟು ಹೇಳಿಲ್ಲ ನಾನು. ಹೇಳಿದ್ರೆ ನಂಗೋಸ್ಕರ ಉಳ್ಕೊಂಡ್ಬಿಡ್ತೀಯ ಅಂತ ಭಯ. ಹೇಳ್ದಿದ್ರೆ ಹೋಗ್ಬಿಡ್ತೀಯ ಅಂತ ಭಯ. ಪ್ರೀತಿಸ್ತೀನಿ. ಈಗ ಹೇಳ್ದೆ. ಯಾವ ಬಣ್ಣ ಆದ್ರೂ."

ಶಾಲೆಯ ಗಂಟೆ ಬಡಿಯಿತು. ಟೆಸ್ಸಾ ಅಲುಗಲಿಲ್ಲ. ನಿಧಾನವಾಗಿ, ಅವನ ಕಣ್ಣಿನಿಂದ ಕಣ್ಣು ತೆಗೆಯದೆ, ಜಿಪ್ಪನ್ನು ಕೆಳಗೆಳೆದಳು.

ಹಸಿರು.

"ನಂಗೋಸ್ಕರಾನಾ?" ಎಂದ ವೇಡ್.

"ತಲೆ ಮೇಲೆ ಹತ್ತಿ ಕೂರ್ಬೇಡ! ಮನೆಗೆ ಹೋಗಿ ಲೆಕ್ಕ ಹಾಕ್ದೆ. ಬಾಸ್ಟನ್ ಸಂಬಳ ದೊಡ್ಡದೇ. ಆದ್ರೆ ತೆರಿಗೆ ಹೋಗಿ, ತಿಂಗಳಿಗೆ ಸಾವಿರದ ನಾನೂರು ಕಂತೂ ಕಟ್ಟಿದ್ರೆ, ಇಲ್ಲಿ ಓದಿದವ್ರಿಗಿಂತ ಕೈಯಲ್ಲಿ ಕಡಿಮೆ ಉಳಿಯುತ್ತೆ. ಹತ್ತು ವರ್ಷ!" ಮೂಗೆಳೆದಳು. "ಲೆಕ್ಕ ಸರಿಯಾಗೇ ಇದೆ. ಆದ್ರೂ ಅಳು ಬಂತು. ಅಲ್ಲಿಗೆ ಹೋಗ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ ನಿನ್ಮೇಲೆ ಸಿಟ್ಟಿರುತ್ತೆ."

"ನನ್ಮೇಲೆ ಯಾಕೆ?"

"ಬಾಸ್ಟನ್ ದೂರ. ಬಯ್ಯಕ್ಕೆ ಕೈಗೆ ಸಿಗೋನು ನೀನೇ."

ಅವಳ ಕೆನ್ನೆಯ ಒದ್ದೆಯನ್ನು ಅವನು ಹೆಬ್ಬೆರಳಿನಿಂದ ಒರೆಸಿದ. ಗ್ರೀಸಿನ ಒಂದು ಗೆರೆ ಮೂಡಿತು. ಅವಳನ್ನು ಅಳಿಸಿದ ಆ ಕೆಂಪು ಬಟ್ಟೆಯ ಮೇಲೆ, ಅದಕ್ಕೆ ಅಷ್ಟು ಬೆಲೆ ಕಟ್ಟಿದವರ ಮೇಲೆ, ಅವನ ಸಿಟ್ಟು ಇನ್ನೂ ಆರಿರಲಿಲ್ಲ. ಆರುವುದೂ ಇಲ್ಲ.

"ಜಾಕೆಟ್ ಕೊಡು. ಯಜಮಾನ ಬಯ್ತಾನೆ."

"ಕೊಡಲ್ಲ." ಹಸಿರಿನ ಮೇಲೆ ಅವನ ಹೆಸರನ್ನು ಅಂಗೈಯಿಂದ ಒತ್ತಿಕೊಂಡಳು. "ಬ್ಯಾಂಕಿಗೆ ಬೇಡ. ನಂಗೆ ಬೇಕು."

ಓಡಿದಳು. ಬಾಗಿಲ ಹತ್ತಿರ ಹೋದವಳಿಗೆ ಇವನು ಕೂಗಿದ, "ಹಸಿರು ಕಾಲೇಜು ಎಷ್ಟು ದೂರ ಕಣೇ?"

"ಎರಡು ಗಂಟೆ!"

"ನನ್ನ ಟ್ರಕ್ಕಿಗೆ ಒಂದೂವರೆ!"

"ನಿಧಾನವಾಗಿ ಬಾರೋ," ಎಂದಳು ಟೆಸ್ಸಾ, ಇಡೀ ಶಾಲೆಗೆ ಕೇಳಿಸುವಂತೆ. "ಬಂದು, ಈಗ ಬಾಯ್ಬಿಟ್ಟು ಹೇಳಿದ್ಯಲ್ಲ, ಅದನ್ನೇ ಇನ್ನೊಂದ್ ಸಲ ಹೇಳು."