ಮೇಬನ್ ಹಬ್ಬದ ತಕ್ಕಡಿ

ಕುಡಿದಿದ್ದಿರಾ ಎಂದು ಎಲ್ಲರೂ ಕೇಳುತ್ತಾರೆ. ಸೇಬಿನ ರಸ ಬಿಟ್ಟರೆ ಅಂದು ನಾವು ಏನನ್ನೂ ಕುಡಿದಿರಲಿಲ್ಲ.

೨೦೦೩ರ ಸೆಪ್ಟೆಂಬರ್ ೨೩, ಹಗಲು ರಾತ್ರಿ ಸಮವಾಗುವ ದಿನ. ಪ್ರಕೃತಿಯನ್ನೇ ದೇವರೆನ್ನುವ ಪೇಗನ್ನರಿಗೆ ಅದು ಮೇಬನ್ ಹಬ್ಬ. ಇಂಟರ್ನೆಟ್‌ನಲ್ಲಿ ಓದಿ ಹೊಸದಾಗಿ ಪೇಗನ್ನರಾದ ನಾವು ಐವರು ಇಂದಿರಾನಗರದಲ್ಲಿ, ನಮ್ಮಲ್ಲೊಬ್ಬಳಾದ ಹಂಸಳ ಮನೆಯ ತಾರಸಿಯ ಮೇಲೆ ಸೇರಿದ್ದೆವು. ಸುನಿಲ್ ರಸೆಲ್ ಮಾರುಕಟ್ಟೆಯಿಂದ ಸೇಬಿನ ಜೊತೆ ಹಳೆಯ ಹಿತ್ತಾಳೆ ತಕ್ಕಡಿಯನ್ನೂ ತಂದಿದ್ದ.

“ಸಮ ಅಂದ್ಮೇಲೆ ತಕ್ಕಡಿ ಬೇಡ್ವಾ ಗುರು?” ಎಂದು ಅದನ್ನು ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿದ.

ಸೂರ್ಯ ಮುಳುಗುವಾಗ ಸೇಬು ಹಂಚಿಕೊಂಡು, ತೀರಿಹೋದವರನ್ನು ಹೆಸರು ಹೇಳಿ ನೆನೆಯಬೇಕು. ಹಂಸ ತನ್ನ ಅಜ್ಜಿಯ ಹೆಸರು ಹೇಳಿದಳು. ಗಾಳಿಯೇ ಇರಲಿಲ್ಲ, ಆದರೂ ಖಾಲಿ ತಕ್ಕಡಿಯ ಎಡತಟ್ಟೆ ತಾನಾಗಿ ಕೆಳಗಿಳಿಯಿತು. ನಾವು ಹೆದರಲಿಲ್ಲ, ಕುಣಿದಾಡಿದೆವು!

“ಮಗಾ, ಇನ್ನೊಂದ್ಸಲ!”

ತೀರಿಹೋದವರ ಹೆಸರಿಗೆಲ್ಲ ತಟ್ಟೆ ಇಳಿಯಿತು. ನಮ್ಮ ಹೆಸರುಗಳಿಗೆ ಅಲುಗಲಿಲ್ಲ. ಇಳಿದ ತಟ್ಟೆಯನ್ನು ಪ್ರತಿ ಸಲವೂ ನಾವೇ ಕೈಯಿಂದ ಎತ್ತಬೇಕಿತ್ತು. ಹಿತ್ತಾಳೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ನಾನು ತಕ್ಕಡಿಯ ಹತ್ತಿರ ಸರಿದೆ. ಏಳು ವರ್ಷಗಳ ಹಿಂದೆ ಹಲಸೂರಿನ ಮನೆಯಿಂದ ಹೂವು ತರಲು ಹೋದ ಅಪ್ಪ ಮರಳಿ ಬಂದಿರಲಿಲ್ಲ. ಅವರ ಹೆಸರಲ್ಲಿ ಮಹಾಲಯದ ಎಡೆ ಇಡಲು ಅಮ್ಮ ಯಾರಿಗೂ ಬಿಟ್ಟಿರಲಿಲ್ಲ.

“ದೊಡ್ಡಮುನಿಯಪ್ಪ,” ಎಂದು ಅಪ್ಪನ ಹೆಸರು ಹೇಳಿದೆ.

ತಟ್ಟೆ ಇಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಅದು ನಿಧಾನವಾಗಿ ತಾನೇ ಮೇಲೆದ್ದು, ಸಮಕ್ಕೆ ಬಂದು ನಿಂತಿತು. ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ತಟ್ಟೆ ಮೇಲೆದ್ದದ್ದನ್ನು ಮಾತ್ರ ಅಮ್ಮನಿಗೆ ಹೇಳಿದ್ದೇನೆ.