ಬೆಟ್ಟ ಹತ್ತಿದ ಕುರ್ಚಿ

ಅರ್ಜಿ ವಾಪಸು ಬಂದಿತ್ತು. ಬೆಟ್ಟದ ರಸ್ತೆಗೆ ಸರ್ಕಾರದ ಪ್ರವಾಸೋದ್ಯಮ ಅನುದಾನ ಸಿಗಬೇಕಾದರೆ, ಜಲಪಾತ ವಾಹನದಲ್ಲಿ ಕೂತವರ ಕಣ್ಣಿಗೆ ಬೀಳಬೇಕು. ಇಂಜಿನಿಯರಮ್ಮ ಕಳಿಸಿದ್ದು ನಿಂತು ತೆಗೆದ ಫೋಟೋ. ಕೂತು ತೆಗೆದದ್ದು ಸೋಮವಾರದೊಳಗೆ ತಲುಪದಿದ್ದರೆ ಹಣ ಬೇರೆ ಊರಿನ ಪಾಲು.

ಹಣ ಹೋದರೆ ರಸ್ತೆಯೂ ಹೋದಂತೆಯೇ. ಭೂಕುಸಿತಕ್ಕೆ ಹಳೆಯ ದಾರಿ ಕೊಚ್ಚಿಹೋದ ಮೇಲೆ, ಬೆಟ್ಟದ ಮೇಲಿನ ಊರನ್ನೇ ಖಾಲಿ ಮಾಡಿಸುವ ಮಾತು ನಡೆದಿತ್ತು. ಅವಳ ಸೋದರಮಾವನ ಮನೆ ಇದ್ದದ್ದು ಆ ಊರಿನಲ್ಲೇ. ಜೀವಮಾನವೆಲ್ಲ ರೋಡ್ ರೋಲರ್ ಓಡಿಸಿದ ಆತ ಎಲ್ಲರ ಬಾಯಲ್ಲೂ ರೋಲರ್ ಮಾವ.

ಇಂಜಿನಿಯರಮ್ಮ ಕೈಕಟ್ಟಿ ಕೂರುವವಳಲ್ಲ. ಕಚೇರಿಯಲ್ಲಿ ತಾನು ಕೂರುವ ಮರದ ಕುರ್ಚಿಯನ್ನೇ ತೆಗೆದು, ಕಾಲುಗಳನ್ನು ಕೊಯ್ದು, ಕಾರಿನ ಸೀಟಿನ ಎತ್ತರಕ್ಕೆ ತಂದಳು.

"ಕುರ್ಚಿಗೋಸ್ಕರ ಕಿತ್ತಾಡೋರನ್ನ ನೋಡಿದೀನಿ," ಎನ್ನುತ್ತ ಮಾವ ಅದನ್ನು ಬೆನ್ನಿಗೆ ಕಟ್ಟಿಕೊಂಡ. "ಹೊತ್ಕೊಂಡು ಬೆಟ್ಟ ಹತ್ತೋರು ನಾವೇ ಮೊದಲಿರಬೇಕು."

"ಸರ್ಕಾರಿ ಕೆಲಸ ಮಾವ, ಕೂತೇ ಮಾಡ್ಬೇಕು," ಎಂದ ಅವಳ ತಮ್ಮ, ಕ್ಯಾಮೆರಾ ಹೆಗಲಿಗೇರಿಸಿ.

ಕಾಡು ದಾಟುತ್ತಲೇ ಬೆಟ್ಟ ಪೂರ್ತಿ ಎದುರಾಯಿತು. ಕೆಳಗೆ ಹೊಳೆ ಬಂಡೆಗಳನ್ನು ಬಳಸಿ ಹರಿಯುತ್ತಿತ್ತು. ಮೇಲೆ, ಹುಲ್ಲಿನ ಇಳಿಜಾರಿನ ನಡುವೆ ಹಳೆಯ ರಸ್ತೆಯ ತುಂಡುಗಳು ಅಲ್ಲಲ್ಲಿ ನೇತಾಡುತ್ತಿದ್ದವು. ಮಧ್ಯದಲ್ಲಿ ಬೆಟ್ಟದ ಮಗ್ಗುಲೇ ಸಡಿಲ ಕಲ್ಲುಗಳ ರಾಶಿಯಾಗಿ ಜಾರಿ ಕೂತಿತ್ತು. ದಾಟಬೇಕಾದದ್ದು ಅದನ್ನೇ.

ಅವಳು ಮೊದಲು ದಾಟಿ ಹಗ್ಗ ಬಿಗಿದಳು. ತಮ್ಮ ಬಂದ. ಮಾವ ಹೆಜ್ಜೆ ಇಟ್ಟ.

ಕಲ್ಲು ಜಾರಿತು.

ಹಗ್ಗ ಕೈತಪ್ಪಿತು. ಮಾವ ಬೆನ್ನಡಿಯಾಗಿ ಕೆಳಗೆ ಜಾರಿದ. ಎರಡು ಬಂಡೆಗಳ ನಡುವೆ ಕುರ್ಚಿ ಸಿಕ್ಕಿಕೊಂಡಿತು. ಆತ ಅಲ್ಲೇ ತಡೆದು ನಿಂತ.

"ಅಲ್ಲಾಡ್ಬೇಡಿ ಮಾವ!"

ಅವಳು ಸೊಂಟಕ್ಕೆ ಹಗ್ಗ ಕಟ್ಟಿ ಇಳಿದಳು. ಆತನ ಎದೆಗೆ ಗಂಟು ಹಾಕಿದಳು. ತಮ್ಮ ಎಳೆದ. ಮಾವ ಮೇಲೆ ಬಂದ, ಕುರ್ಚಿಯೂ ಬಂತು, ಅದರ ಒಂದು ಕಾಲು ಮಾತ್ರ ಹೊಳೆಯ ಪಾಲಾಯಿತು.

ಹಿಂದೆ ಫೋಟೋ ತೆಗೆದಿದ್ದ ಜಾಗಕ್ಕೆ ಬಂದರು. ಮುರಿದ ಕಾಲಿನ ಜಾಗಕ್ಕೆ ಕಲ್ಲು ಪೇರಿಸಿ, ಅವಳು ಕೂತು ನೋಡಿದಳು. ಎದುರಿಗೆ ಬರೀ ಬಂಡೆ. ನಿಂತರೆ ಜಲಪಾತ, ಕೂತರೆ ಕಲ್ಲು.

ತಮ್ಮನ ಮುಖ ಸಪ್ಪಗಾಯಿತು. "ನಿಂತೇ ತೆಗೀಲಾ ಅಕ್ಕ? ಯಾರಿಗೆ ಗೊತ್ತಾಗುತ್ತೆ?"

"ನಾಳೆ ಬಸ್ಸಲ್ಲಿ ಕೂತೋರಿಗೆ ಗೊತ್ತಾಗುತ್ತೆ. ಕೇಳಿದ್ದು ಸರಿಯಾಗೇ ಕೇಳಿದಾರೆ, ನಕ್ಷೇಲಿ ನಾನೆಳೆದ ರಸ್ತೆ ಗೆರೆನೇ ತಪ್ಪು." ಅವಳು ತಲೆಯೆತ್ತಿದಳು. "ರಸ್ತೆ ಆ ಮೇಲಿನ ಅಂಚಲ್ಲಿ ಹೋಗ್ಬೇಕಿತ್ತು. ಹತ್ತೋಣ."

ತಾನೇ ಎಳೆದ ಗೆರೆಯನ್ನು ತಾನೇ ಅಳಿಸುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ಮಾವ ತರಚಿದ ಮೊಣಕೈ ಒರೆಸಿಕೊಂಡು, ಕುರ್ಚಿಯನ್ನು ಬೆನ್ನಿಗೇರಿಸಿದ.

ಬೇರು ಹಿಡಿದು, ಹೊಟ್ಟೆಯ ಮೇಲೆ ತೆವಳಿ ತುದಿ ತಲುಪಿದಾಗ ಸುತ್ತ ಮಂಜು. ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದಿನಿಂದ ಆತನ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದು ಕಾದರು. ಒಮ್ಮೆಲೇ ಗಾಳಿ ಬೀಸಿತು. ಇಡೀ ಜಲಪಾತ, ತುದಿಯಿಂದ ಬುಡದವರೆಗೂ, ಎದುರಿಗೆ ನಿಂತಿತ್ತು. ಕ್ಯಾಮೆರಾ ಕ್ಲಿಕ್ಕೆಂದಿತು. ಮತ್ತೆ ಮಂಜು ಮುಚ್ಚಿತು. ಸಿಕ್ಕಿದ್ದು ಅದೊಂದೇ ಫೋಟೋ.

ಸೋಮವಾರ ಅಧಿಕಾರಿ ಹೊಸ ನಕ್ಷೆಯನ್ನೂ ಫೋಟೋವನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು.

"ಜಲಪಾತ ಚೆನ್ನಾಗಿ ಕಾಣುತ್ತೆ. ಆದ್ರೆ ಕೂತಿರೋ ಯಜಮಾನರು ಆ ಕಡೆ ನೋಡ್ತಾನೇ ಇಲ್ವಲ್ಲಮ್ಮ?"

ಅವಳು ಬಗ್ಗಿ ನೋಡಿದಳು. ಮಾವನ ಕತ್ತು ಪೂರ್ತಿ ಬಲಕ್ಕೆ ತಿರುಗಿತ್ತು. ಫೋಟೋದ ಅಂಚಿನಲ್ಲಿ, ದೂರದ ಏರಿನ ಮೇಲೆ, ಸಣ್ಣದೊಂದು ಹೆಂಚಿನ ಸೂರು.

"ಅದು ಅವರ ಮನೆ ಸಾರ್. ದಾರಿ ಹೋದಾಗಿಂದ ಅವರು ಅಲ್ಲಿಗೆ ಹೋಗೇ ಇಲ್ಲ."

ಅಧಿಕಾರಿ ಪೆನ್ನು ತೆಗೆದು ಸಹಿ ಹಾಕಿದರು.

ಹೊರಗೆ ಮಾವ ಮೆಟ್ಟಿಲ ಮೇಲೆ ಕಾಯುತ್ತಿದ್ದ. "ಏನಾಯ್ತಮ್ಮ?"

"ರಸ್ತೆ ಆಗುತ್ತೆ ಮಾವ. ನೀವು ಮನೆಗೆ ಹೋಗ್ಬಹುದು."

ಮಾವ ಕಣ್ಣೊರೆಸಿಕೊಂಡು ಎದ್ದ.

"ಹೋಗೋಣ. ಮೊದಲು ನಿನ್ನ ಕುರ್ಚಿಗೊಂದು ಕಾಲು ಹಾಕ್ಕೊಡ್ತೀನಿ."