ಐಸ್ ಪ್ಲಾಂಟಿನ ಕಾಣೆಯಾದ ಎಚ್ಚರಿಕೆ

ಅಂಬ್ರೋಸ್ ಬದುಕುವುದು ಕಷ್ಟವೆಂದು ಆಸ್ಪತ್ರೆಯಿಂದ ಫೋನ್ ಬಂದಾಗ ರಂಸೀನ ಕುರ್ಚಿಯಲ್ಲೇ ಕುಸಿದಳು. ತೋಪ್ಪುಂಪಡಿ ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ಅವನು, ಯಂತ್ರ ಬಳಸುವ ಬಗೆ ಹೇಳುವ ನಮ್ಮ ಕಂಪನಿಯ ವೆಬ್ ಪುಟ ನೋಡಿಕೊಂಡೇ ವಾಲ್ವ್ ತೆರೆದಿದ್ದ. ಅಮೋನಿಯಾ ಅನಿಲ ಮುಖಕ್ಕೇ ನುಗ್ಗಿತ್ತು. ಮೊದಲು ಗಾಳಿ ಹೊರಹಾಕುವ ಫ್ಯಾನ್ ಹಾಕಬೇಕೆಂಬ ಎಚ್ಚರಿಕೆ ಆ ಪುಟದಲ್ಲಿರಲಿಲ್ಲ.

ಆ ಯಂತ್ರದ ಕೋಡ್ ಬರೆದವಳು ರಂಸೀನ. ಕೋಡಿನ ನಡುವೆ ಬರೆದಿಟ್ಟ ವಿವರಣೆಗಳನ್ನು ಒಂದು ಸ್ಕ್ರಿಪ್ಟ್ ಹೆಕ್ಕಿ, ಬಣ್ಣ ಹಚ್ಚಿ, ಪುಟ ಮಾಡುತ್ತಿತ್ತು. ಅದನ್ನು ಓಡಿಸುವವಳೂ ಅವಳೇ. ಎಚ್ಚರಿಕೆ ಕೋಡಿನಲ್ಲಿತ್ತು, ಪುಟದಲ್ಲಿಲ್ಲ. ಅವಳನ್ನು ಕರೆದೊಯ್ಯಲು ಪೊಲೀಸ್ ಎಸ್‌ಐ ವತ್ಸಲಾ ಬಂದು ನಿಂತಿದ್ದರು.

"ಆ ಪುಟ ದಿನಾ ಓದ್ತೀನಿ ಮೇಡಂ. ಎಚ್ಚರಿಕೆ ಇರಲೇ ಇಲ್ಲ. ಎಲ್ಲಾ ಇವಳ ಬೇಜವಾಬ್ದಾರಿ," ಎಂದರು ಮ್ಯಾನೇಜರ್ ಸಾಜನ್. ತಲೆನೋವೆಂದು ಸದಾ ಪರದೆಯ ಹಿನ್ನೆಲೆಯನ್ನು ಕಪ್ಪಾಗಿಸಿಕೊಂಡು ಕೂರುವ ಈ ಮನುಷ್ಯನಿಗೆ ನಾವಿಟ್ಟ ಹೆಸರು ಅಮಾವಾಸ್ಯೆ. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ನಾವೆಲ್ಲ ಚೇಟ್ಟ, ಅಂದರೆ ಅಣ್ಣ, ಎಂದು ಕರೆಯುವ ಪೌಲೋಸ್ ಬಳಿ ನಾನು ಓಡಿದೆ. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಕಂಪ್ಯೂಟರ್ ಓದಿ ಹೇಳುತ್ತದೆ, ಅವರು ಕೇಳಿಸಿಕೊಂಡು ಕೆಲಸ ಮಾಡುತ್ತಾರೆ. ಕಚೇರಿಯಲ್ಲಿ ಏನೇ ಕೆಟ್ಟರೂ ನಾವು ಹೋಗಿ ನಿಲ್ಲುತ್ತಿದ್ದುದು ಅವರ ಮುಂದೆಯೇ.

"ಲೋ ಶಿಜೋ, ಪುಟದಲ್ಲಿ ಎಚ್ಚರಿಕೆ ಇದೆಯಲ್ಲೋ! ಈಗಷ್ಟೇ ಕೇಳಿಸ್ಕೊಂಡೆ."

"ಚೇಟ್ಟಾ, ನಾನೇನು ಕುರುಡನಾ?" ಎಂದವನು ನಾಲಿಗೆ ಕಚ್ಚಿಕೊಂಡೆ.

"ಇರ್ಬೋದು," ಎಂದು ನಕ್ಕರು. "ತಲೆಬರಹದ ಕೆಳಗೆ ಏನಿದೆ?"

"ಬರೀ ಖಾಲಿ ಜಾಗ. ನಾಲ್ಕು ಸಾಲು ಹಿಡಿಸೋಷ್ಟು."

"ಅದರ ಮೇಲೆ ಮೌಸ್ ಒತ್ತಿ ಎಳಿ."

ಎಳೆದೆ. ಖಾಲಿ ಜಾಗ ನೀಲಿಯಾಯಿತು, ಅದರೊಳಗಿಂದ ಬಿಳಿ ಅಕ್ಷರಗಳು ಎದ್ದು ಬಂದವು.

ಎಲ್ಲರನ್ನೂ ಕೂರಿಸಿ ಪೌಲೋಸ್ ಚೇಟ್ಟ ಹೇಳಿದರು: "ರಂಸೀನ ಬರೆದಿದ್ದಾಳೆ, ಸ್ಕ್ರಿಪ್ಟೂ ಪುಟಕ್ಕೆ ತಂದಿದೆ. ಆದರೆ ಬಣ್ಣದ ಫೈಲಿನಲ್ಲಿ ಎಚ್ಚರಿಕೆಯ ಕೆಂಪನ್ನು ಯಾರೋ ಬಿಳಿ ಮಾಡಿದಾರೆ. ಬಿಳಿ ಪುಟದಲ್ಲಿ ಬಿಳಿ ಅಕ್ಷರ ಯಾರಿಗೆ ಕಾಣ್ಬೇಕು?"

"ಆ ಫೈಲನ್ನ ಯಾರು ಬೇಕಾದ್ರೂ ಮುಟ್ಟಬಹುದು," ಎಂದರು ಸಾಜನ್.

"ಹೌದು ಸಾರ್. ಆದರೆ ದಿನಾ ಓದ್ತೀನಿ ಅಂದವರು ನೀವು. ನಿಮ್ಮ ಪರದೆಯೋ ಕಪ್ಪು. ಕಪ್ಪಿನ ಮೇಲೆ ಬಿಳಿ ಅಕ್ಷರ ಕಾಣದೇ ಇರುತ್ತಾ? ಕಂಡೂ ಇಲ್ಲ ಅಂದಿದ್ದು ಯಾಕೆ?"

ಸಾಜನ್ ಅವರ ಪರದೆಯನ್ನು ವತ್ಸಲಾ ನಮ್ಮತ್ತ ತಿರುಗಿಸಿದರು. ಎಚ್ಚರಿಕೆ ಕಣ್ಣಿಗೆ ರಾಚುವಂತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಸಾಜನ್ ಮುಖದಲ್ಲಿ ರಕ್ತವೇ ಉಳಿದಿರಲಿಲ್ಲ.

"ಯಂತ್ರ ಕೊಳ್ಳೋರು ಪುಟ ನೋಡೋಕೆ ಬರ್ತಿದ್ರು... ಪುಟದ ತುಂಬ ಕೆಂಪು ಕಂಡ್ರೆ ಹೆದರ್ತಿದ್ರು. ಅವರು ಹೋದ ಮೇಲೆ ಸರಿ ಮಾಡೋಣ ಅಂದ್ಕೊಂಡೆ."

ರಂಸೀನ ಅಳಲಿಲ್ಲ. ಸಟ್ಟನೆ ತಲೆಯೆತ್ತಿ ಕೇಳಿದಳು: "ಚೇಟ್ಟಾ, ಬೇರೆ ಪ್ಲಾಂಟುಗಳಲ್ಲೂ ಇದೇ ಪುಟ ಅಲ್ವಾ?"

ಅವಳು ಮುನಂಬಂ ಬಂದರಿನ ಪ್ಲಾಂಟಿಗೆ ಫೋನ್ ಹಚ್ಚಿದಳು. "ಅಣ್ಣಾ, ವಾಲ್ವ್ ತೆರೆಯೋ ಮುಂಚೆ ಫ್ಯಾನ್ ಹಾಕ್ತೀರಲ್ವಾ?"

ಆ ಕಡೆಯ ದನಿ ನಮಗೆಲ್ಲ ಕೇಳಿಸಿತು.

"ಯಾವ ಫ್ಯಾನ್ ಮಗಳೇ? ಪುಟದಲ್ಲಿ ಹಾಗೇನಿಲ್ವಲ್ಲ. ನಮ್ಮ ಜೋಸಿ ಈಗಷ್ಟೇ ವಾಲ್ವ್ ತೆರೆಯೋಕೆ ಹೋದ."